ಲೋಚೆನ್ ಕಣಿವೆ: ಬೆಟ್ಟವನ್ನು ಓದಿ ಬಾಳಿದ ಊರುಗಳು

ಯೂರೋಪಿನ ಭೂಪಟವನ್ನು ಬಿಡಿಸಿ ಸ್ವಿಟ್ಜರ್ಲೆಂಡ್ ದೇಶದ ಕಡೆಗೆ ಕಣ್ಣು ಹಾಯಿಸಿದರೆ, ಅದರ ದಕ್ಷಿಣ ಭಾಗದಲ್ಲಿ ರೋನ್ ನದಿಯು ಪೂರ್ವದಿಂದ ಪಶ್ಚಿಮಕ್ಕೆ ಹರಿಯುವ ನೀಳವಾದ ಕಣಿವೆಯು ಕಾಣುತ್ತದೆ. ಅದೇ ವಾಲೇ ಪ್ರಾಂತ. ಅದರ ಉತ್ತರದ ಎಲ್ಲೆಯಲ್ಲಿ ಆಲ್ಪ್ಸ್ ಪರ್ವತಗಳ ಸಾಲೊಂದು ಕೋಟೆಯ ಗೋಡೆಯಂತೆ ಎದ್ದು ನಿಂತಿದೆ. ಆ ಗೋಡೆಯ ದಪ್ಪದೊಳಗೆಯೇ ಒಂದು ಗೂಡು ಕೊರೆದಂತೆ ಅಡಗಿರುವ ಸಣ್ಣ ಕಣಿವೆಯೊಂದುಂಟು. ಅದರ ಹೆಸರು ಲೋಚೆನ್‌ಟಾಲ್. ಜರ್ಮನ್ ಭಾಷೆಯಲ್ಲಿ ‘ಟಾಲ್’ ಎಂದರೆ ಕಣಿವೆ. ಆದುದರಿಂದ ನಾವು ಇದನ್ನು ಲೋಚೆನ್ ಕಣಿವೆ ಎಂದು ಕರೆಯೋಣ.

ಇದರ ಉದ್ದ ಸುಮಾರು ೨೭ ಕಿಲೋಮೀಟರು. ಒಳಗೆ ಫೆರ್ಡೆನ್, ಕಿಪ್ಪೆಲ್, ವೀಲರ್, ಬ್ಲಾಟೆನ್ ಎಂಬ ನಾಲ್ಕು ಗ್ರಾಮಗಳು. ನಾಲ್ಕೂ ಸೇರಿ ಸುಮಾರು ಒಂದೂವರೆ ಸಾವಿರ ಜನರ ವಸತಿ. ಜಗತ್ತಿನ ದೊಡ್ಡ ಪಟ್ಟಣಗಳ ಮುಂದೆ ಇದು ಲೆಕ್ಕಕ್ಕೇ ಬಾರದ ಸಂಖ್ಯೆ. ಆದರೂ ಭೂಗೋಳ, ಸಸ್ಯಶಾಸ್ತ್ರ, ಹವಾಮಾನ, ಮನುಷ್ಯನ ಜೀವನಕ್ರಮ ಎಲ್ಲವನ್ನೂ ಒಂದೇ ದಿನದ ನಡಿಗೆಯಲ್ಲಿ ಕಲಿಸಬಲ್ಲ ಪಾಠಶಾಲೆ ಇದು. ೨೦೨೫ರ ಮೇ ತಿಂಗಳಲ್ಲಿ ಈ ನಾಲ್ಕು ಗ್ರಾಮಗಳಲ್ಲಿ ಒಂದು ಕೆಲವೇ ಕ್ಷಣಗಳಲ್ಲಿ ಕಣ್ಮರೆಯಾಯಿತು. ಅದು ಹೇಗಾಯಿತು, ಅಷ್ಟು ದೊಡ್ಡ ಅನಾಹುತದಲ್ಲಿ ಊರಿನ ಜನ ಹೇಗೆ ಉಳಿದರು ಎಂಬುದನ್ನು ತಿಳಿಯಬೇಕಾದರೆ ಕಣಿವೆಯನ್ನು ಮೊದಲಿನಿಂದ ನೋಡುತ್ತ ಬರಬೇಕು.

ಮಂಜು ಕೆತ್ತಿದ ತೊಟ್ಟಿ

ನದಿಯೊಂದು ಬೆಟ್ಟವನ್ನು ಕೊರೆದಾಗ ಕಣಿವೆಯ ಅಡ್ಡಕೊಯ್ತವು ಸಾಮಾನ್ಯವಾಗಿ ಕಿರಿದಾದ ಇಕ್ಕಟ್ಟಿನ ಆಕಾರವನ್ನು ತಾಳುತ್ತದೆ. ಎರಡು ಮಗ್ಗುಲುಗಳೂ ಇಳಿದು ಬಂದು ತಳದಲ್ಲಿ ಒಂದು ಗೆರೆಯಾಗಿ ಕೂಡುತ್ತವೆ. ಲೋಚೆನ್ ಕಣಿವೆಯ ಮೇಲ್ಭಾಗವು ಹಾಗಿಲ್ಲ. ಅದರ ತಳ ಅಗಲ, ಮಗ್ಗುಲುಗಳು ಕಡಿದು. ದನಗಳಿಗೆ ನೀರಿಡುವ ಕಲ್ಲುತೊಟ್ಟಿಯನ್ನು ಅಡ್ಡವಾಗಿ ಸೀಳಿ ನೋಡಿದರೆ ಹೇಗೋ ಹಾಗೆ. ಇದನ್ನು ಕೆತ್ತಿದ ಶಿಲ್ಪಿ ನೀರಲ್ಲ, ಮಂಜುಗಡ್ಡೆ. ಹಿಮಯುಗದಲ್ಲಿ ನೂರಾರು ಮೀಟರ್ ದಪ್ಪದ ಹಿಮನದಿಯು ಈ ದಾರಿಯಲ್ಲಿ ಮೆಲ್ಲಮೆಲ್ಲನೆ ಜಾರಿತು. ಅದರ ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳು ಉಗುರುಕಾಗದದಂತೆ ಕೆಲಸ ಮಾಡಿ ನೆಲವನ್ನೂ ಪಕ್ಕೆಗಳನ್ನೂ ಉಜ್ಜಿ ಸವೆಸಿದವು.

ಆ ಮಹಾ ಹಿಮನದಿಯ ಸಂತತಿ ಇಂದಿಗೂ ಇದೆ. ಕಣಿವೆಯ ತುತ್ತತುದಿಯಲ್ಲಿ ‘ಲಾಂಗ್’ ಎಂಬ ಹಿಮನದಿಯಿಂದ ಲೊಂಜಾ ಎಂಬ ಹೊಳೆಯು ಹುಟ್ಟುತ್ತದೆ. ಹಿಮನದಿಯು ಅರೆದ ಕಲ್ಲಿನ ನುಣುಪಾದ ಹಿಟ್ಟು ನೀರಿನಲ್ಲಿ ಬೆರೆತಿರುವುದರಿಂದ ಬೇಸಗೆಯಲ್ಲಿ ಈ ಹೊಳೆಯ ನೀರು ಹಾಲು ಬೆರೆಸಿದಂತೆ ಮಸುಕಾಗಿರುತ್ತದೆ. ಲೊಂಜಾ ಮೊದಲು ನೈರುತ್ಯಕ್ಕೆ ಹರಿದು, ಬಳಿಕ ದಕ್ಷಿಣಕ್ಕೆ ತಿರುಗಿ, ಇಕ್ಕಟ್ಟಾದ ಕಂದರವೊಂದರಲ್ಲಿ ಧುಮುಕಿ ರೋನ್ ನದಿಯನ್ನು ಸೇರುತ್ತದೆ.

ಕಣಿವೆಯ ದಕ್ಷಿಣ ಮಗ್ಗುಲಿನಲ್ಲಿ ೩,೯೩೪ ಮೀಟರ್ ಎತ್ತರದ ಬೀಚ್‌ಹಾರ್ನ್ ಶಿಖರವು ನಿಂತಿದೆ. ಒಂಟಿಯಾದ, ಚೂಪಾದ ಗೋಪುರ ಅದು. ಅದನ್ನು ಮೊದಲು ಏರಿದವನು ಇಂಗ್ಲೆಂಡಿನ ಲೇಖಕ ಲೆಸ್ಲಿ ಸ್ಟೀಫನ್, ವರ್ಷ ೧೮೫೯. ಬೀಚ್‌ಹಾರ್ನಿನ ಸುತ್ತಣ ಎತ್ತರದ ಪ್ರದೇಶವು ೨೦೦೧ರಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಈ ಶಿಖರದ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯಲ್ಲಿ ಇದರ ಪಾತ್ರ ದೊಡ್ಡದು.

ಮುಚ್ಚಿದ ಬಾಗಿಲು

ಮೂರು ಕಡೆ ಶಿಖರಗಳು, ನಾಲ್ಕನೆಯ ಕಡೆ ಕಂದರ. ಇಂಥ ಸ್ಥಳಕ್ಕೆ ಬರುವುದೂ ಕಷ್ಟ, ಬಿಟ್ಟುಹೋಗುವುದೂ ಕಷ್ಟ. ಕಂದರದ ದಾರಿಯು ಚಳಿಗಾಲದಲ್ಲಿ ಹಿಮಕುಸಿತಗಳಿಂದ ಮುಚ್ಚಿಹೋಗುತ್ತಿತ್ತು. ಉತ್ತರಕ್ಕೆ ೨,೬೯೦ ಮೀಟರ್ ಎತ್ತರದ ಲೋಚೆನ್ ಕಣಿವೆದಾರಿಯೊಂದೇ ಗತಿ. ಈ ದಾರಿಯು ಎಷ್ಟು ಪುರಾತನವೆಂದರೆ, ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿ ಮಂಜು ಕರಗಿ ಹೊರಬಿದ್ದ ಮರದ ಬಿಲ್ಲುಗಳ ತುಂಡುಗಳು ಕಂಚಿನ ಯುಗದವೆಂದು ತಿಳಿದುಬಂದಿದೆ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಬೇಟೆಗಾರರು ಈ ಎತ್ತರವನ್ನು ದಾಟುತ್ತಿದ್ದರೆಂದಾಯಿತು. ಮಣ್ಣಿನಲ್ಲಿ ಹೂತರೆ ಕೊಳೆತುಹೋಗುವ ಮರವನ್ನು ಮಂಜುಗಡ್ಡೆಯು ಜೋಪಾನವಾಗಿ ಕಾಪಾಡಿತ್ತು.

ಹೊರಲೋಕದ ಬಾಗಿಲು ನಿಜವಾಗಿ ತೆರೆದುದು ೧೯೧೩ರಲ್ಲಿ. ಬರ್ನ್ ಕಡೆಯ ಕಾಂಡರ್‌ಸ್ಟೇಗ್ ಊರಿನಿಂದ ಲೋಚೆನ್ ಕಣಿವೆಯ ಕೆಳತುದಿಯ ಗೊಪ್ಪನ್‌ಸ್ಟೈನ್‌ವರೆಗೆ ೧೪.೬ ಕಿಲೋಮೀಟರ್ ಉದ್ದದ ಲೋಚ್‌ಬರ್ಗ್ ರೈಲುಸುರಂಗವು ಆ ವರ್ಷ ಸಂಚಾರಕ್ಕೆ ಸಿದ್ಧವಾಯಿತು. ಅದಕ್ಕೆ ತೆತ್ತ ಬೆಲೆ ಅಲ್ಪವಲ್ಲ. ೧೯೦೮ರ ಜುಲೈ ೨೪ರಂದು, ಗಾಸ್ಟರ್ನ್ ಎಂಬ ಪಕ್ಕದ ಕಣಿವೆಯ ಅಡಿಯಲ್ಲಿ ಕೆಲಸಗಾರರು ಬಂಡೆಯನ್ನು ಸಿಡಿಸಿದಾಗ, ಗಟ್ಟಿ ಬಂಡೆಯ ಬದಲು ನೀರು ತುಂಬಿದ ಮರಳು ಜಲ್ಲಿಗಳ ರಾಶಿಯು ಸುರಂಗದೊಳಕ್ಕೆ ನುಗ್ಗಿತು. ೨೫ ಮಂದಿ ಮಡಿದರು. ಹಿಂದೊಮ್ಮೆ ಹಿಮನದಿಯು ಆ ಕಣಿವೆಯನ್ನು ಬಹು ಆಳವಾಗಿ ಕೊರೆದು, ಆಮೇಲೆ ಸಡಿಲ ಪದಾರ್ಥದಿಂದ ತುಂಬಿಬಿಟ್ಟಿತ್ತು. ಕೊನೆಗೆ ಸುರಂಗದ ಆ ಭಾಗವನ್ನು ಗೋಡೆಕಟ್ಟಿ ಮುಚ್ಚಿ, ಬೇರೆ ಕಡೆಯಿಂದ ಬಳಸಿಕೊಂಡು ಹೋಗಬೇಕಾಯಿತು. ನೇರವಾಗಿರಬೇಕಾಗಿದ್ದ ಸುರಂಗವು ಇಂದಿಗೂ ಡೊಂಕಾಗಿರುವುದು ಆ ಕಾರಣದಿಂದಲೇ.

ಈಗ ಪ್ರವಾಸಿಯು ಗೊಪ್ಪನ್‌ಸ್ಟೈನ್ ನಿಲ್ದಾಣದಲ್ಲಿ ರೈಲಿನಿಂದಿಳಿದು ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಗ್ರಾಮಗಳನ್ನು ಮುಟ್ಟುತ್ತಾನೆ.

ಕಪ್ಪು ಮರದ ಮನೆಗಳು

ಕಿಪ್ಪೆಲ್ ಗ್ರಾಮದ ಓಣಿಗಳಲ್ಲಿ ನಿಂತವನಿಗೆ ಮೊದಲು ಕಣ್ಣಿಗೆ ಬೀಳುವುದು ಮನೆಗಳ ಬಣ್ಣ. ಗೋಡೆಗಳು ಸುಟ್ಟಂತೆ ಕಂದುಗಪ್ಪು. ಇದು ಬಣ್ಣ ಬಳಿದುದಲ್ಲ, ಬೆಂಕಿ ತಗುಲಿದುದೂ ಅಲ್ಲ. ಲಾರ್ಚ್ ಮರದ ದಿಮ್ಮಿಗಳ ಮೇಲೆ ನೂರಾರು ವರ್ಷ ಬಿದ್ದ ಎತ್ತರ ಪ್ರದೇಶದ ತೀಕ್ಷ್ಣ ಬಿಸಿಲು, ಮರದಲ್ಲಿರುವ ಲಿಗ್ನಿನ್ ಎಂಬ ಪದಾರ್ಥವನ್ನು ಒಡೆದು ಈ ಬಣ್ಣವನ್ನು ತರುತ್ತದೆ. ಲಾರ್ಚ್ ಮರದಲ್ಲಿ ಅಂಟು ಹೆಚ್ಚು. ಆದುದರಿಂದ ಅದು ಬೇಗ ಕೊಳೆಯದು. ಮನೆಯ ಬುಡ ಕಲ್ಲಿನದು, ಮೇಲಂತಸ್ತು ಮರದ್ದು. ಕಲ್ಲು ನೆಲದ ತೇವವನ್ನು ತಡೆಯುತ್ತದೆ. ಮರ ಒಳಗಿನ ಬೆಚ್ಚಗನ್ನು ಕಾಯುತ್ತದೆ.

ಮನೆಗಳ ನಡುವೆ ಧಾನ್ಯದ ಕಣಜಗಳು ನಿಂತಿವೆ. ಇವುಗಳಿಗೆ ಗಿಡ್ಡ ಕಾಲುಗಳುಂಟು. ಪ್ರತಿಯೊಂದು ಕಾಲಿನ ನೆತ್ತಿಯಲ್ಲೂ ದುಂಡನೆಯ ಚಪ್ಪಟೆ ಕಲ್ಲೊಂದನ್ನಿಟ್ಟು, ಅದರ ಮೇಲೆ ಕಣಜವನ್ನು ಕೂರಿಸಿದ್ದಾರೆ. ಕಾಲನ್ನೇರಿ ಬರುವ ಇಲಿಯು ಹೊರಚಾಚಿದ ಕಲ್ಲಿನ ಅಡಿಮೈಯನ್ನು ಹಿಡಿದು ಮುಂದೆ ಹೋಗಲಾರದೆ ಹಿಂದಿರುಗಬೇಕು. ಯಂತ್ರವಿಲ್ಲ, ವಿಷವಿಲ್ಲ, ಕಲ್ಲಿನ ಒಂದು ಬಿಲ್ಲೆ ವರ್ಷದ ಅನ್ನವನ್ನು ಕಾಯುತ್ತಿತ್ತು.

ಆ ಅನ್ನವೆಂದರೆ ರೈ ಎಂಬ ಧಾನ್ಯ. ಚಳಿಯನ್ನು ತಡೆದುಕೊಂಡು ಕಡಮೆ ಬಿಸಿಲಿನಲ್ಲೂ ಮಾಗುವ ಶಕ್ತಿ ಅದಕ್ಕಿರುವುದರಿಂದ ಆಲ್ಪ್ಸ್ ಕಣಿವೆಗಳ ಮೇಲ್ಭಾಗದಲ್ಲಿ ಅದೇ ಆಧಾರ. ಊರೊಟ್ಟಿನ ಒಲೆಯಲ್ಲಿ ವರ್ಷಕ್ಕೆ ಕೆಲವೇ ಸಲ ರೊಟ್ಟಿಯನ್ನು ಸುಟ್ಟು, ಒಣಗಿಸಿಟ್ಟು, ತಿಂಗಳುಗಟ್ಟಲೆ ತಿನ್ನುತ್ತಿದ್ದರು. ಜೊತೆಗೆ ಹಾಲು ಮತ್ತು ಗಿಣ್ಣಿನಂತೆ ಗಟ್ಟಿಯಾದ ಚೀಸು.

ಈ ಊಟವೇ ಒಮ್ಮೆ ಅಮೆರಿಕದ ದಂತವೈದ್ಯನೊಬ್ಬನನ್ನು ಇಲ್ಲಿಗೆ ಸೆಳೆಯಿತು. ವೆಸ್ಟನ್ ಪ್ರೈಸ್ ಎಂಬಾತನು ೧೯೩೧ ಮತ್ತು ೧೯೩೨ರಲ್ಲಿ ಕಣಿವೆಗೆ ಬಂದು ಮಕ್ಕಳ ಹಲ್ಲುಗಳನ್ನು ಪರೀಕ್ಷಿಸಿದನು. ಪೇಟೆಯ ಬಿಳಿ ಹಿಟ್ಟು, ಸಕ್ಕರೆಗಳು ಇನ್ನೂ ಹೆಚ್ಚಾಗಿ ತಲುಪದಿದ್ದ ಈ ಊರುಗಳಲ್ಲಿ ಹುಳುಕು ಹಲ್ಲುಗಳು ಬಹು ವಿರಳವೆಂದು ೧೯೩೯ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಬರೆದನು. ಆತನ ಎಲ್ಲ ತೀರ್ಮಾನಗಳನ್ನೂ ಇಂದಿನ ವೈದ್ಯರು ಒಪ್ಪುವುದಿಲ್ಲ. ಸಕ್ಕರೆಗೂ ಹಲ್ಲಿನ ಹುಳುಕಿಗೂ ಇರುವ ನಂಟು ಮಾತ್ರ ಅನಂತರದ ಸಂಶೋಧನೆಗಳಿಂದ ದೃಢಪಟ್ಟಿದೆ.

ಇಳಿಜಾರಿನ ಬಾಳು ಒಂದೇ ಮಟ್ಟದಲ್ಲಿ ನಡೆಯುವುದಿಲ್ಲ. ತಳದಲ್ಲಿ ಗ್ರಾಮ ಮತ್ತು ಹುಲ್ಲುಗಾವಲು; ಮೇಲೆ ಕಾಡಿನ ಪಟ್ಟಿ; ಅದಕ್ಕೂ ಮೇಲೆ ‘ಆಲ್ಪ್’ ಎಂದು ಕರೆಯುವ ಬೇಸಗೆಯ ಗೋಮಾಳ. ಬೇಸಗೆಯಲ್ಲಿ ದನಗಳು ಹುಲ್ಲನ್ನು ಹಿಂಬಾಲಿಸಿ ಮೇಲಕ್ಕೆ ಹೋಗುತ್ತಿದ್ದವು. ಲೋಚೆನ್ ಕಣಿವೆಯಲ್ಲಿ ಆಲ್ಪ್‌ನ ಗುಡಿಸಿಲುಗಳಲ್ಲಿ ಉಳಿದು ಹಾಲು ಕರೆದು ಚೀಸು ಮಾಡುವ ಕೆಲಸ ಹೆಂಗಸರದಾಗಿತ್ತು. ಗಂಡಸರು ಕೆಳಗೆ ಉಳಿದು, ಚಳಿಗಾಲಕ್ಕೆ ಬೇಕಾದ ಹುಲ್ಲನ್ನು ಕೊಯ್ದು ಒಣಗಿಸುತ್ತಿದ್ದರು. ಪರ್ವತಕ್ಕೆ ಆಲ್ಪ್ಸ್ ಎಂಬ ಹೆಸರಿರುವಂತೆಯೇ ಗೋಮಾಳಕ್ಕೆ ಆಲ್ಪ್ ಎಂಬ ಹೆಸರಿರುವುದು ಈ ಬಾಳಿನಲ್ಲಿ ಹುಲ್ಲಿಗೆ ಎಷ್ಟು ಬೆಲೆಯೆಂಬುದನ್ನು ತೋರಿಸುತ್ತದೆ.

ಹಿಮದ ಭಯ, ಕಾಡಿನ ಕಾವಲು

ಈ ಗ್ರಾಮಗಳಲ್ಲಿ ಮನೆಗಳು ಒಂದಕ್ಕೊಂದು ಒತ್ತಿಕೊಂಡು, ಸೂರಿಗೆ ಸೂರು ತಾಗುವಂತೆ ನಿಂತಿರುವುದು ಹೊಸಬರಿಗೆ ಸೋಜಿಗವೆನಿಸುತ್ತದೆ. ಸುತ್ತಲೂ ಬಯಲಿರುವಾಗ ಏಕಿಷ್ಟು ಇಕ್ಕಟ್ಟು? ಉಳುವ ನೆಲವನ್ನು ಉಳಿಸುವುದು ಒಂದು ಕಾರಣ. ಇನ್ನೊಂದು ಕಾರಣ, ಎಲ್ಲ ಬಯಲೂ ವಾಸಕ್ಕೆ ಯೋಗ್ಯವಲ್ಲ.

ಮೂವತ್ತರಿಂದ ನಲವತ್ತೈದು ಅಂಶಗಳಷ್ಟು ಕಡಿದಾದ ಇಳಿಜಾರಿನಲ್ಲಿ ಹಿಮವು ಪದರಪದರವಾಗಿ ಕೂಡುತ್ತದೆ. ಒಳಗಿನ ಯಾವುದಾದರೊಂದು ಪದರವು ಸಡಿಲವಾದರೆ ಮೇಲಿನ ಭಾರವೆಲ್ಲ ಒಟ್ಟಿಗೆ ಕಳಚಿ ಕೆಳಗುರುಳುತ್ತದೆ. ಹೀಗೆ ಉರುಳುವ ಹಿಮಕ್ಕೆ ಸಾಮಾನ್ಯವಾಗಿ ತನ್ನದೇ ಆದ ಜಾಡುಗಳುಂಟು. ವರ್ಷವೂ ಅವೇ ಕೊರಕಲುಗಳಲ್ಲಿ ಅದು ಇಳಿಯುತ್ತದೆ. ತಲೆಮಾರುಗಳ ಕಾಲ ನೋಡಿ ನೋಡಿ, ಕೆಲವೊಮ್ಮೆ ಪ್ರಾಣತೆತ್ತು, ಜನರು ಆ ಜಾಡುಗಳನ್ನು ಅರಿತರು. ಹಿಮ ಬಾರದ ದಿಣ್ಣೆಗಳಲ್ಲಿ ಮನೆಗಳನ್ನು ಗುಂಪುಗೂಡಿಸಿದರು. ಗ್ರಾಮದ ನಕಾಶೆಯೆಂದರೆ ಅಪಾಯದ ನಕಾಶೆಯ ಮರುಬದಿ ಎಂದರೆ ತಪ್ಪಾಗದು.

ಗ್ರಾಮದ ಮೇಲಣ ಕಾಡಂತೂ ಅವರ ರಕ್ಷಾಕವಚ. ಮರದ ಕಾಂಡಗಳು ಹಿಮವು ಒಂದೇ ಹಾಳೆಯಾಗಿ ಕೂಡದಂತೆ ತಡೆಯುತ್ತವೆ. ಕೊಂಬೆಗಳು ಹಿಮವನ್ನು ಹಿಡಿದು ಸ್ವಲ್ಪಸ್ವಲ್ಪವಾಗಿ ಉದುರಿಸುತ್ತವೆ. ಆದರೆ ಮೇಲೆ ಕಾಡಿಲ್ಲದ ಕಡೆ ಹುಟ್ಟಿ ವೇಗ ಪಡೆದ ಹಿಮರಾಶಿಯನ್ನು ಕಾಡು ತಡೆಯಲಾರದು. ಆದ್ದರಿಂದಲೇ ಹಿಮಕುಸಿತ ಹುಟ್ಟುವ ಎತ್ತರದಲ್ಲಿ ಉಕ್ಕಿನ ತಡೆಬೇಲಿಗಳನ್ನು ನೆಡುವ ಪದ್ಧತಿ ಬಂದಿತು. ಆಲ್ಪ್ಸ್ ಪ್ರದೇಶದಲ್ಲಿ ಊರಿನ ಮೇಲಣ ಕಾಡನ್ನು ಕಡಿಯಬಾರದೆಂಬ ಕಟ್ಟಳೆಯು ಬಹು ಹಳೆಯದು. ಸ್ವಿಟ್ಜರ್ಲೆಂಡಿನ ಆಂಡರ್‌ಮಾಟ್ ಊರಿನ ಮೇಲಿರುವ ಕಾಡನ್ನು ೧೩೯೭ರ ಪತ್ರವೊಂದು ನಿಷಿದ್ಧವೆಂದು ಸಾರಿದೆ. ೧೮೭೬ರಲ್ಲಿ ಸ್ವಿಸ್ ಒಕ್ಕೂಟ ಸರಕಾರವೇ ಬೆಟ್ಟದ ಕಾಡುಗಳ ರಕ್ಷಣೆಗೆ ಕಾನೂನು ಮಾಡಿತು.

ಚಳಿಗಾಲದ ಈ ಭಯಕ್ಕೆ ಒಂದು ರೂಪವನ್ನೂ ಕಣಿವೆಯ ಜನ ಕೊಟ್ಟಿದ್ದಾರೆ ಎನ್ನಿಸುತ್ತದೆ. ಫೆಬ್ರುವರಿಯ ಆರಂಭದಿಂದ ಕ್ರೈಸ್ತರ ಉಪವಾಸ ಪರ್ವ ಮೊದಲಾಗುವವರೆಗೆ ‘ಚೆಗ್ಗೆಟ್ಟೆ’ ಎಂಬ ವೇಷಗಳು ಸಂಜೆಯ ಓಣಿಗಳಲ್ಲಿ ತಿರುಗುತ್ತವೆ. ಆರ್ವೆ ಎಂಬ ಪೈನ್ ಜಾತಿಯ ಮರದಲ್ಲಿ ಕೆತ್ತಿದ ವಿಕಾರವಾದ ಮುಖವಾಡ, ಮೈಮೇಲೆ ಆಡುಕುರಿಗಳ ತೊಗಲು, ಸೊಂಟದಲ್ಲಿ ದನದ ದೊಡ್ಡ ಗಂಟೆ. ವೇಷಧಾರಿಯು ಎದುರಿಗೆ ಸಿಕ್ಕವರನ್ನು ಹಿಡಿದು ಮುಖಕ್ಕೆ ಹಿಮವನ್ನು ತಿಕ್ಕುತ್ತಾನೆ. ಈ ಆಚಾರದ ಮೂಲದ ಬಗೆಗೆ ಕಥೆಗಳು ಹಲವು. ನಿಶ್ಚಿತವಾದುದು ಯಾವುದೂ ಇಲ್ಲ.

ಮೇಲಣ ಕಾಲುದಾರಿ

ವೀಲರ್ ಗ್ರಾಮದಿಂದ ಕೇಬಲ್ ಕಾರು ಸುಮಾರು ೧,೯೭೦ ಮೀಟರ್ ಎತ್ತರದ ಲೌಖೆರ್ನಾಲ್ಪ್‌ಗೆ ಏರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿ ಸುಮಾರು ೧,೯೩೦ ಮೀಟರು. ಅಂದರೆ ಕರ್ನಾಟಕದ ಅತ್ಯುನ್ನತ ಶಿಖರಕ್ಕಿಂತ ಎತ್ತರವಾದ ಸ್ಥಳದಲ್ಲಿ ಇಲ್ಲಿ ನಡಿಗೆ ಆರಂಭವಾಗುತ್ತದೆ! ಬಿಸಿಲ ಮಗ್ಗುಲಿನಲ್ಲೇ ಸಾಗುವ ಈ ಕಾಲುದಾರಿಯು ಒಂದು ಆಲ್ಪ್‌ನಿಂದ ಇನ್ನೊಂದಕ್ಕೆ ಹಾಯುತ್ತ ಕಣಿವೆಯ ತುದಿಯ ಫಾಫ್ಲರಾಲ್ಪ್ ಕಡೆಗೆ ಹೋಗುತ್ತದೆ. ಇಡೀ ದಾರಿಗೆ ಮೂರು ನಾಲ್ಕು ಗಂಟೆಗಳ ನಡಿಗೆ. ಸ್ವಿಸ್ ದಾರಿಗಂಬಗಳ ಹಳದಿ ಫಲಕಗಳು ದೂರವನ್ನು ಹೇಳುವುದಿಲ್ಲ, ಹೊತ್ತನ್ನು ಹೇಳುತ್ತವೆ. ಏರಿಳಿತದ ನೆಲದಲ್ಲಿ ಕಿಲೋಮೀಟರಿಗಿಂತ ಗಂಟೆಯೇ ನಂಬತಕ್ಕ ಅಳತೆ. ಬೆಟ್ಟದ ಕಠಿಣ ದಾರಿಗಳಿಗೆ ಬಿಳಿ-ಕೆಂಪು-ಬಿಳಿ ಗುರುತುಂಟು.

ಸಾವಿರ ಮೀಟರ್ ಏರಿದರೆ ಗಾಳಿಯ ಉಷ್ಣತೆಯು ಸರಾಸರಿ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಆದ್ದರಿಂದ ಇಲ್ಲಿ ಬೆಟ್ಟವನ್ನೇರುವುದೆಂದರೆ ಉತ್ತರ ಧ್ರುವದ ಕಡೆಗೆ ಪ್ರಯಾಣ ಮಾಡಿದಂತೆ. ಕೆಳಗೆ ಸ್ಪ್ರೂಸ್ ಮರಗಳ ಕಪ್ಪು ಕಾಡು. ಮೇಲೆ ಲಾರ್ಚ್ ಮತ್ತು ಆರ್ವೆ. ಸುಮಾರು ೨,೨೦೦ ಮೀಟರಿನಲ್ಲಿ ಮರಗಳ ಸಾಲೇ ನಿಂತುಹೋಗಿ, ಪೊದೆ ಹುಲ್ಲುಗಳು, ಕೊನೆಗೆ ಬರಿಯ ಕಲ್ಲು ಮತ್ತು ಹಿಮ.

ಸೂಜಿಯಂಥ ಎಲೆಗಳ ಮರಗಳೆಲ್ಲ ನಿತ್ಯಹಸುರೆಂದು ನಾವು ತಿಳಿದಿರುತ್ತೇವೆ. ಲಾರ್ಚ್ ಅದಕ್ಕೆ ಅಪವಾದ. ಅಕ್ಟೋಬರಿನಲ್ಲಿ ಅದು ಹೊನ್ನಿನ ಬಣ್ಣಕ್ಕೆ ತಿರುಗಿ ಎಲೆಗಳನ್ನೆಲ್ಲ ಉದುರಿಸಿಬಿಡುತ್ತದೆ. ಎಲೆಯಿಲ್ಲದ ಮರಕ್ಕೆ ಹಿಮದ ಭಾರವೂ ಕಡಮೆ, ಹೆಪ್ಪುಗಟ್ಟಿದ ನೆಲದಿಂದ ನೀರು ಸಿಗದ ಕಾಲದಲ್ಲಿ ಒಣಗುವ ಭಯವೂ ಕಡಮೆ. ಆರ್ವೆಯ ಸಂಸಾರವಂತೂ ಇನ್ನೂ ವಿಚಿತ್ರ. ಅದರ ಬೀಜಕ್ಕೆ ರೆಕ್ಕೆಯಿಲ್ಲ. ಗಾಳಿ ಅದನ್ನು ಒಯ್ಯಲಾರದು. ಕಾಗೆಯ ಬಳಗಕ್ಕೆ ಸೇರಿದ ನಟ್‌ಕ್ರ್ಯಾಕರ್ ಎಂಬ ಹಕ್ಕಿಯು ಚಳಿಗಾಲದ ಬುತ್ತಿಗಾಗಿ ಬೀಜಗಳನ್ನು ನೆಲದಲ್ಲಿ ಅಲ್ಲಲ್ಲಿ ಹೂತಿಡುತ್ತದೆ. ಅದು ಮತ್ತೆ ತೆಗೆಯದೆ ಉಳಿದ ಬೀಜಗಳೇ ಮುಂದೆ ಮರಗಳಾಗುತ್ತವೆ. ಹುಲ್ಲಿನ ಇಳಿಜಾರಿನಲ್ಲಿ ಸೀಟಿ ಊದಿದಂಥ ದನಿ ಕೇಳಿದರೆ ಅದು ಮಾರ್ಮಟ್ ಪ್ರಾಣಿಯ ಎಚ್ಚರಿಕೆ. ದಪ್ಪನೆಯ ಅಳಿಲಿನಂಥ ಈ ಪ್ರಾಣಿಯು ವರ್ಷದ ಸುಮಾರು ಅರ್ಧಭಾಗವನ್ನು ಬಿಲದ ನಿದ್ದೆಯಲ್ಲೇ ಕಳೆಯುತ್ತದೆ; ಆಗ ಅದರ ಹೃದಯವು ನಿಮಿಷಕ್ಕೆ ಕೆಲವೇ ಸಲ ಮಿಡಿಯುತ್ತದೆ.

ಮನೆಯ ತೊಲೆಗಳಲ್ಲಿ ಹವಾಮಾನದ ಚರಿತ್ರೆ

ಲಾರ್ಚ್ ಮರವನ್ನು ಇನ್ನೊಮ್ಮೆ ನೆನೆಯಬೇಕು. ಮರವು ವರ್ಷಕ್ಕೊಂದು ಉಂಗುರದಂತೆ ಬೆಳೆಯುವುದು ಎಲ್ಲರಿಗೂ ತಿಳಿದ ಸಂಗತಿ. ಎತ್ತರದ ಕಾಡುಗಳಲ್ಲಿ ಆ ಉಂಗುರದ ಹೊರ ಅಂಚಿನ ದಟ್ಟತೆಯು ಆ ವರ್ಷದ ಬೇಸಗೆ ಎಷ್ಟು ಬೆಚ್ಚಗಿತ್ತೆಂಬುದನ್ನು ಅವಲಂಬಿಸಿರುತ್ತದೆ. ಬದುಕಿರುವ ಮರಗಳ ಉಂಗುರಗಳನ್ನು ಹಳೆಯ ಮನೆಗಳ ತೊಲೆಗಳ ಉಂಗುರಗಳೊಡನೆ ಹೊಂದಿಸಿ ನೋಡಿದರೆ ಚರಿತ್ರೆಯ ಸರಪಳಿಯು ಹಿಂದೆ ಹಿಂದೆ ಸಾಗುತ್ತದೆ. ಉಲ್ಫ್ ಬುಂಟ್‌ಗೆನ್ ಮತ್ತು ಸಂಗಡಿಗರು ಲೋಚೆನ್ ಕಣಿವೆ ಮತ್ತು ಸಿಂಪ್ಲನ್ ಪ್ರದೇಶಗಳ ಲಾರ್ಚ್ ಮರಗಳನ್ನು ಹೀಗೆ ಪರೀಕ್ಷಿಸಿ, ಕ್ರಿ.ಶ. ೭೫೫ರಿಂದ ೨೦೦೪ರವರೆಗಿನ ಬೇಸಗೆಗಳ ಉಷ್ಣತೆಯ ಏರಿಳಿತವನ್ನು ೨೦೦೬ರಲ್ಲಿ ಪ್ರಕಟಿಸಿದರು. ಯಾರದೋ ಮನೆಯ ಸೂರು ಹೊತ್ತ ದಿಮ್ಮಿಯು, ಉಷ್ಣಮಾಪಕವೇ ಇಲ್ಲದಿದ್ದ ಶತಮಾನಗಳ ದಿನಚರಿಯಾಯಿತು!

ಅದೇ ಉಂಗುರಗಳು ಇನ್ನೊಂದು ಸುದ್ದಿಯನ್ನೂ ಹೇಳಿದವು. ಲಾರ್ಚ್ ಮರದ ಎಲೆ ತಿನ್ನುವ ಪತಂಗದ ಹುಳುವೊಂದು ಆಲ್ಪ್ಸ್ ಕಾಡುಗಳಲ್ಲಿ ಎಂಟು ಒಂಬತ್ತು ವರ್ಷಗಳಿಗೊಮ್ಮೆ ವಿಪರೀತವಾಗಿ ಹೆಚ್ಚುತ್ತಿತ್ತು. ಸಾವಿರಕ್ಕೂ ಮಿಕ್ಕ ವರ್ಷ ತಪ್ಪದೆ ನಡೆದುಬಂದ ಈ ಲಯವು ೧೯೮೧ರ ಬಳಿಕ ಕೆಟ್ಟುಹೋಯಿತೆಂದು ೨೦೦೭ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ಹವೆಯು ಬೆಚ್ಚಗಾಗುತ್ತಿರುವುದೇ ಇದಕ್ಕೆ ಕಾರಣವಿರಬೇಕೆಂಬುದು ಸಂಶೋಧಕರ ಅಭಿಪ್ರಾಯ. ಬೆಟ್ಟದಲ್ಲಿ ಏನೋ ಬದಲಾಗುತ್ತಿದೆ ಎಂಬುದಕ್ಕೆ ಒಂದು ಚಿಕ್ಕ ಹುಳು ಕೊಟ್ಟ ಸೂಚನೆ ಅದು.

೨೦೨೫ರ ಮೇ ತಿಂಗಳು

ಬ್ಲಾಟೆನ್ ಗ್ರಾಮದ ಹೆಸರು ದಾಖಲೆಗಳಲ್ಲಿ ಮೊದಲು ಕಾಣುವುದು ೧೪೩೩ರಲ್ಲಿ. ಸುಮಾರು ೧,೫೪೦ ಮೀಟರ್ ಎತ್ತರದ ಈ ಗ್ರಾಮವು ಆರು ಶತಮಾನಗಳ ಹಿಮಕುಸಿತಗಳನ್ನು ಕಂಡೂ ತನ್ನ ಸ್ಥಳದಲ್ಲಿ ಉಳಿದಿತ್ತು. ಅದರ ಎದುರು ಬೀಚ್‌ಹಾರ್ನಿನ ಮಗ್ಗುಲಲ್ಲಿ ಬಿರ್ಖ್ ಎಂಬ ಸಣ್ಣ ಹಿಮನದಿಯು ತೂಗುಬಿದ್ದಂತೆ ಇತ್ತು. ಅದರ ಮೇಲೆ ೩,೩೪೧ ಮೀಟರ್ ಎತ್ತರದ ಚಿಕ್ಕ ನೆಸ್ಟ್‌ಹಾರ್ನ್ ಶಿಖರ. ಆಲ್ಪ್ಸ್ ಪರ್ವತದ ಹಿಮನದಿಗಳೆಲ್ಲ ಕುಗ್ಗುತ್ತ ಹಿಂದೆ ಸರಿಯುತ್ತಿರುವಾಗ ಈ ಬಿರ್ಖ್ ಮಾತ್ರ ಮುಂದೆ ಬರುತ್ತಿತ್ತು. ಮೇಲಿನ ಬಂಡೆಗಳಿಂದ ಉದುರಿದ ಕಲ್ಲು ಅದರ ಬೆನ್ನನ್ನು ಹೊದಿಸಿ ಬಿಸಿಲಿನಿಂದ ಕಾಪಾಡಿತು. ಜೊತೆಗೆ ಭಾರ ಹೇರಿ ಮುಂದಕ್ಕೆ ನೂಕಿತು. ಹಿಂದೆ ಅದರಿಂದ ಮಂಜುಗಡ್ಡೆ ಕಳಚಿ ಬಿದ್ದುದೂ ಉಂಟು. ಹೀಗಾಗಿ ತಜ್ಞರು ಹಲವು ವರ್ಷಗಳಿಂದ ಅದರ ಮೇಲೆ ಕಣ್ಣಿಟ್ಟಿದ್ದರು.

ಮೇ ತಿಂಗಳ ನಡುವಿನಲ್ಲಿ ಚಿಕ್ಕ ನೆಸ್ಟ್‌ಹಾರ್ನಿನಲ್ಲಿ ಬಿರುಕುಗಳು ಕಂಡುಬಂದವು, ಬಂಡೆಗಳು ಕಳಚತೊಡಗಿದವು. ಅಧಿಕಾರಿಗಳು ತಡಮಾಡಲಿಲ್ಲ. ಮೇ ೧೯ರಂದು ಸುಮಾರು ೩೦೦ ಮಂದಿ ನಿವಾಸಿಗಳೂ ಅವರ ದನಕುರಿಗಳೂ ಊರನ್ನು ಬಿಟ್ಟು ಹೊರಡಬೇಕೆಂದು ಆಜ್ಞೆಯಾಯಿತು. ಕಾಲಿಗೆ ಪೆಟ್ಟಾಗಿದ್ದ ಒಂದು ಹಸುವನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಿದರು. ಆ ಬಳಿಕ ಲಕ್ಷಾಂತರ ಘನ ಮೀಟರಿನಷ್ಟು ಕಲ್ಲು ಹಿಮನದಿಯ ಮೇಲೆ ಬಿದ್ದು ಕೂಡಿಕೊಂಡಿತು. ಆ ಭಾರದಡಿಯಲ್ಲಿ ಹಿಮನದಿಯ ನಡೆಯು ದಿನಕ್ಕೆ ಹಲವು ಮೀಟರುಗಳವರೆಗೆ ಏರಿತು. ಖಾಲಿ ಊರನ್ನು ಇಡೀ ದೇಶವೇ ಉಸಿರು ಬಿಗಿಹಿಡಿದು ನೋಡುತ್ತಿತ್ತು.

ಮೇ ೨೮ರ ಮಧ್ಯಾಹ್ನ, ಮೂರೂವರೆ ಗಂಟೆಗೆ ಸ್ವಲ್ಪ ಮುನ್ನ, ಹಿಮನದಿಯು ಮುರಿದು ಬಿತ್ತು. ಮಂಜುಗಡ್ಡೆ, ಬಂಡೆ, ಕೆಸರು ಎಲ್ಲ ಸೇರಿ ಸುಮಾರು ಒಂದು ಕೋಟಿ ಘನ ಮೀಟರಿನ ರಾಶಿಯು ಕಣಿವೆಗೆ ಇಳಿಯಿತು. ಬೀಳುವಾಗಿನ ಘರ್ಷಣೆಯಲ್ಲಿ ಮಂಜಿನ ಒಂದು ಭಾಗ ಕರಗಿ, ರಾಶಿಯು ದ್ರವದಂತೆ ಹರಿದು, ಎದುರಿನ ಇಳಿಜಾರನ್ನೂ ಏರಿತು. ಭೂಕಂಪಮಾಪಕಗಳು ಇದನ್ನು ೩.೧ ಪರಿಮಾಣದ ಕಂಪನವಾಗಿ ಗುರುತಿಸಿದವು. ಊರಿನ ಬಹುಭಾಗ ಹೂತುಹೋಯಿತು. ಲೊಂಜಾ ಹೊಳೆಗೆ ಅಡ್ಡಕಟ್ಟೆ ಬಿದ್ದು ಸರೋವರವೊಂದು ನಿರ್ಮಾಣವಾಗಿ, ಉಳಿದಿದ್ದ ಮನೆಗಳಲ್ಲಿಯೂ ನೀರು ತುಂಬಿತು. ಕಟ್ಟೆಯು ಒಮ್ಮೆಗೇ ಒಡೆದರೆ ಕೆಳಗಿನ ಊರುಗಳ ಗತಿಯೇನೆಂಬ ಆತಂಕ ಕೆಲವು ದಿನಗಳಿದ್ದಿತು. ಹೊಳೆಯು ನಿಧಾನವಾಗಿ ತನ್ನ ದಾರಿಯನ್ನು ತಾನೇ ಕೊರೆದುಕೊಂಡುದರಿಂದ ಆ ವಿಪತ್ತು ತಪ್ಪಿತು. ಈ ಮಹಾಕುಸಿತದಲ್ಲಿ ಮಡಿದವನು ಒಬ್ಬನೇ. ಎಚ್ಚರಿಕೆ ಇಲ್ಲದಿದ್ದರೆ ಆ ಸಂಖ್ಯೆ ಎಷ್ಟಾಗುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಬೆಟ್ಟದ ಗಾರೆ

ಆರು ಶತಮಾನ ನಿಂತ ಊರು ಈಗೇಕೆ ಅಳಿಯಿತು? ಆಲ್ಪ್ಸ್ ಪರ್ವತದ ಎತ್ತರದ ಬಂಡೆಗಳ ಒಳಗೆ ವರ್ಷವಿಡೀ ಉಷ್ಣತೆಯು ಸೊನ್ನೆ ಡಿಗ್ರಿಗಿಂತ ಕೆಳಗೆ ಇರುತ್ತದೆ. ಹೀಗೆ ಸದಾ ಹೆಪ್ಪುಗಟ್ಟಿದ ನೆಲಕ್ಕೆ ಪರ್ಮಾಫ್ರಾಸ್ಟ್ ಎಂದು ಹೆಸರು. ಬಂಡೆಯ ಬಿರುಕುಗಳಲ್ಲಿ ಸೇರಿದ ಮಂಜು ಗೋಡೆಯ ಕಲ್ಲುಗಳ ನಡುವಣ ಗಾರೆಯಂತೆ ಕೆಲಸ ಮಾಡುತ್ತದೆ. ಅದು ಬೆಚ್ಚಗಾದಂತೆ ಹಿಡಿತ ಸಡಿಲುತ್ತದೆ. ನೀರು ಒಳಹೊಕ್ಕು ಒತ್ತಡ ಹೆಚ್ಚುತ್ತದೆ. ಹಿಮನದಿಗಳೂ ಕ್ಷೀಣಿಸುತ್ತಿವೆ. ೨೦೨೨ ಮತ್ತು ೨೦೨೩, ಈ ಎರಡೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳು ತಮ್ಮ ಗಾತ್ರದ ಸುಮಾರು ಹತ್ತನೆಯ ಒಂದು ಪಾಲನ್ನು ಕಳೆದುಕೊಂಡವು.

ಇಷ್ಟರಿಂದ ಬ್ಲಾಟೆನ್ ಅನಾಹುತಕ್ಕೆ ಹವೆಯ ಬದಲಾವಣೆಯೊಂದೇ ಕಾರಣವೆಂದು ಹೇಳುವುದು ವಿಜ್ಞಾನದ ರೀತಿಯಲ್ಲ. ಬೆಟ್ಟಗಳು ಹಿಂದೆಯೂ ಕುಸಿದಿವೆ; ಬಂಡೆಯ ರಚನೆ, ಬಿರುಕುಗಳ ದಿಕ್ಕು ಇವೂ ಕಾರಣಗಳೇ. ಒಂದು ಮಾತನ್ನು ಮಾತ್ರ ಖಚಿತವಾಗಿ ಹೇಳಬಹುದು. ಪೂರ್ವಿಕರು ಅರಿತಿದ್ದ ಅಪಾಯದ ಜಾಡುಗಳು ಪೂರ್ವಿಕರ ಕಾಲದ ಚಳಿಗೆ ಹೊಂದಿದವು. ಚಳಿಯೇ ಬದಲಾದಾಗ ಹಳೆಯ ಅನುಭವವೊಂದನ್ನೇ ನಂಬಿ ಕೂಡುವಂತಿಲ್ಲ.

ಇದು ನಮಗೆ ದೂರದ ಸುದ್ದಿಯಲ್ಲ. ೨೦೨೧ರ ಫೆಬ್ರುವರಿ ೭ರಂದು ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ ರೋಂಟಿ ಶಿಖರದ ಮಗ್ಗುಲಿನಿಂದ ಬಂಡೆ ಮತ್ತು ಮಂಜು ಸೇರಿ ಸುಮಾರು ಎರಡು ಕೋಟಿ ಎಪ್ಪತ್ತು ಲಕ್ಷ ಘನ ಮೀಟರಿನ ರಾಶಿಯು ಕಳಚಿತು. ರಿಷಿಗಂಗಾ, ಧೌಲಿಗಂಗಾ ನದಿಗಳಲ್ಲಿ ಕೆಸರಿನ ಪ್ರವಾಹವೆದ್ದು ೨೦೦ಕ್ಕೂ ಹೆಚ್ಚು ಮಂದಿ ಸತ್ತರು ಅಥವಾ ಕಾಣೆಯಾದರು. ಜಲವಿದ್ಯುತ್ ಕಾಮಗಾರಿಗಳಲ್ಲಿ ದುಡಿಯುತ್ತಿದ್ದವರೇ ಅವರಲ್ಲಿ ಹೆಚ್ಚು. ಅಲ್ಲಿಯೂ ಬೆಟ್ಟವು ಮೊದಲೇ ಬಿರಿದಿತ್ತು. ಆ ಬಿರುಕನ್ನು ನೋಡಿ ಸಾರುವವರು, ಕೆಳಗಿನವರಿಗೆ ತಿಳಿಸುವ ಏರ್ಪಾಡು, ಎರಡೂ ಇರಲಿಲ್ಲ. ಎರಡು ಘಟನೆಗಳ ಸಾವಿನ ಲೆಕ್ಕದಲ್ಲಿರುವ ಅಂತರಕ್ಕೆ ಸ್ಥಳ, ಹೊತ್ತು, ಗಾತ್ರಗಳ ಭೇದವೂ ಕಾರಣವಾದರೂ, ಮುನ್ನೆಚ್ಚರಿಕೆಯ ಪಾಲು ಅದರಲ್ಲಿ ಬಹು ದೊಡ್ಡದು.

ಬ್ಲಾಟೆನ್ ಜನರು ತಮ್ಮ ಊರನ್ನು ಮತ್ತೆ ಕಟ್ಟಲು ನಿರ್ಧರಿಸಿದ್ದಾರೆ. ಎಲ್ಲಿ ಕಟ್ಟಬೇಕು, ಎಲ್ಲಿ ಕೂಡದು ಎಂಬುದನ್ನು ಹೇಳಲು ಈಗ ಹಿರಿಯರ ನೆನಪಿನ ಜೊತೆಗೆ ರಾಡಾರು, ಕ್ಯಾಮರಾ, ಭೂವಿಜ್ಞಾನಿಯ ನಕಾಶೆ ಇವೂ ಕೂಡಬೇಕು. ಕಣಜದ ಕಾಲಿಗೆ ಕಲ್ಲುಬಿಲ್ಲೆಯನ್ನಿಟ್ಟ ಬುದ್ಧಿಯೂ ಶಿಖರದ ಬಿರುಕನ್ನು ಅಳೆಯುವ ಬುದ್ಧಿಯೂ ಬೇರೆಬೇರೆಯಲ್ಲ. ಸುತ್ತಲಿನ ನಿಸರ್ಗವನ್ನು ಸಾವಧಾನವಾಗಿ ನೋಡುವುದು, ನೋಡಿದುದನ್ನು ನಂಬಿ ಹೊತ್ತಿಗೆ ಸರಿಯಾಗಿ ನಡೆದುಕೊಳ್ಳುವುದು, ಇವೇ ಎರಡರ ಮೂಲ.

ಈ ಕಣಿವೆಗಾಗಲಿ, ನಮ್ಮ ಹಿಮಾಲಯಕ್ಕಾಗಲಿ, ಸಹ್ಯಾದ್ರಿಗಾಗಲಿ ಹೋಗುವ ತರುಣರು ಈ ಪಾಠವನ್ನು ಚೀಲದಲ್ಲಿ ಕಟ್ಟಿಕೊಂಡು ಹೊರಡುವುದು ಒಳ್ಳೆಯದು. ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನು ಊರಿನವರಿಂದ ಕೇಳಿ ತಿಳಿಯಬೇಕು. ಮುಚ್ಚಿದ ದಾರಿಯನ್ನು ದಾಟುವುದು ಧೈರ್ಯವಲ್ಲ. ಊರಿನ ಮನೆಗಳು ಎಲ್ಲಿ ನಿಂತಿವೆ, ಎಲ್ಲಿ ನಿಂತಿಲ್ಲ, ಕಾಡನ್ನು ಎಲ್ಲಿ ಉಳಿಸಿದ್ದಾರೆ ಎಂಬುದನ್ನು ಗಮನಿಸುತ್ತ ನಡೆಯುವವನಿಗೆ ಬೆಟ್ಟವು ಬರಿಯ ನೋಟವಾಗಿ ಉಳಿಯದೆ ಓದಬಲ್ಲ ಗ್ರಂಥವಾಗುತ್ತದೆ.